ಸಿ ಡ್ರೈವ್ ಕೆಂಪಾಗಿದ್ಯಾ? ಫಾರ್ಮ್ಯಾಟ್ ಹೊಡೆಸುವ ಮೊದಲು ಇವನ್ನು ನೋಡಿ

ಮೊದಲೇ ಹೇಳಿಬಿಡುತ್ತೇನೆ. ಕಂಪ್ಯೂಟರ್ ಕ್ಲೀನ್ ಮಾಡಲು ಸಿಗುವ ಪುಕ್ಕಟೆ ಸಾಫ್ಟ್‌ವೇರ್‌ಗಳಲ್ಲಿ ಒಂದೇ ಒಂದನ್ನು ಇಟ್ಟುಕೊಳ್ಳಿ ಅಂದರೆ ನಾನು ಇಟ್ಟುಕೊಳ್ಳುವುದು ವಿನ್‌ಡರ್‌ಸ್ಟ್ಯಾಟ್. ತಮಾಷೆ ಅಂದರೆ ಅದು ತಾನಾಗಿ ಏನನ್ನೂ ಕ್ಲೀನ್ ಮಾಡುವುದಿಲ್ಲ. ಜಾಗ ಎಲ್ಲಿ ಹೋಯಿತು ಅಂತ ತೋರಿಸುತ್ತದೆ, ಅಷ್ಟೇ. ಎರಡನೇ ಸ್ಥಾನ ಬೇಡದ ಫೈಲ್ ಅಳಿಸುವ ಬ್ಲೀಚ್‌ಬಿಟ್‌ಗೆ. ಕೆಲಸದಲ್ಲಿ ಗಟ್ಟಿ, ಆದರೆ ನೋಡಿಕೊಂಡು ಟಿಕ್ ಹಾಕಬೇಕು. ಇನ್ನೊಂದೆರಡು ಆಗಾಗ ಬೇಕಾಗುತ್ತವೆ. ‘ಒಂದೇ ಕ್ಲಿಕ್, ನಿಮ್ಮ ಪಿಸಿ ರಾಕೆಟ್’ ಅನ್ನುವ ಜಾತಿಯವು ಯಾವುವೂ ಬೇಡ.

ನಂದು ತಿಪಟೂರಿನಲ್ಲಿ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ. ಲಗ್ನಪತ್ರಿಕೆ, ಕೊಬ್ಬರಿ ಮಂಡಿಯವರ ಬಿಲ್ ಬುಕ್, ಶಾಲೆಯ ಐಡಿ ಕಾರ್ಡ್, ಸ್ಕಾಲರ್‌ಶಿಪ್ ಅರ್ಜಿ, ಪಹಣಿ ಪ್ರಿಂಟ್, ಬಂದಿದ್ದೆಲ್ಲ ಮಾಡುತ್ತೇವೆ. ಡಿಸೈನ್ ಮಾಡುವ ಸಿಸ್ಟಂ ಐ3, 8 ಜಿಬಿ ರ‍್ಯಾಮ್, ವಿಂಡೋಸ್ 11. ಸಿ ಡ್ರೈವ್‌ಗೆ 128 ಜಿಬಿ ಎಸ್‌ಎಸ್‌ಡಿ (ಚಿಪ್‌ನ ವೇಗದ ಡಿಸ್ಕ್), ಕೆಲಸದ ಫೈಲ್‌ಗೆಲ್ಲ 1 ಟಿಬಿ ಹಾರ್ಡ್ ಡಿಸ್ಕ್. ಡಬ್ಬದ ಮೇಲೆ 128 ಅಂತ ಇದ್ದರೂ ವಿಂಡೋಸ್ ಲೆಕ್ಕದಲ್ಲಿ ಅದು 119. ಅದರಲ್ಲಿ ವಿಂಡೋಸ್, ಡಿಸೈನ್ ಮಾಡುವ ಕೋರಲ್, ಫೋಟೊಶಾಪ್, ಪ್ರಿಂಟರ್‌ಗಳ ಡ್ರೈವರ್ ಎಲ್ಲ ಕೂತ ಮೇಲೆ ಉಳಿಯುವುದೆಷ್ಟು? ಮದುವೆ ಸೀಸನ್ ಮಧ್ಯದಲ್ಲಿ ಡ್ರೈವ್ ಎಷ್ಟು ತುಂಬಿದೆ ಅಂತ ತೋರಿಸುವ ಆ ನೀಲಿ ಪಟ್ಟಿ ಕೆಂಪಾಗುತ್ತದೆ. ಕೋರಲ್ ಸೇವ್ ಆಗುವುದಿಲ್ಲ ಅನ್ನುತ್ತದೆ. ಎದುರಿಗೆ ಗಿರಾಕಿ ‘ಅಕ್ಕಾ, ಪ್ರೂಫ್ ಆಯ್ತಾ’ ಅಂತ ನಿಂತಿರುತ್ತಾರೆ.

ಸರ್ವಿಸ್‌ಗೆ ಬರುವ ಹುಡುಗರ ಬಳಿ ಇದಕ್ಕೆ ಇರುವುದು ಒಂದೇ ಮಂತ್ರ. ವಿಂಡೋಸ್ ಕೀ ಜೊತೆ ಆರ್ ಒತ್ತು, ಟೆಂಪ್ ಅಂತ ಟೈಪ್ ಮಾಡು, ಎಲ್ಲ ಸೆಲೆಕ್ಟ್ ಮಾಡಿ ಡಿಲೀಟ್. ಆಮೇಲೆ ಪರ್ಸೆಂಟ್ ಟೆಂಪ್ ಪರ್ಸೆಂಟ್, ಅದೂ ಡಿಲೀಟ್. ಆಮೇಲೆ ಪ್ರೀಫೆಚ್, ಅದೂ ಡಿಲೀಟ್. ಕೊನೆಗೆ ಡೆಸ್ಕ್‌ಟಾಪ್ ಮೇಲೆ ರೈಟ್ ಕ್ಲಿಕ್ ಮಾಡಿ ರಿಫ್ರೆಶ್, ರಿಫ್ರೆಶ್, ರಿಫ್ರೆಶ್. ಟೆಂಪ್ ಅಂದರೆ ಪ್ರೋಗ್ರಾಂಗಳು ತಾತ್ಕಾಲಿಕವಾಗಿ ಮಾಡಿಟ್ಟ ಫೈಲ್‌ಗಳು, ಅವನ್ನು ಅಳಿಸುವುದು ಸರಿ, ಜಾಗ ಸಿಗುತ್ತದೆ. ಪ್ರೀಫೆಚ್ ಅಳಿಸುವುದು ಮಾತ್ರ ಸುಮ್ನೆ. ಪ್ರೋಗ್ರಾಂಗಳು ಬೇಗ ತೆರೆಯಲಿ ಅಂತಲೇ ವಿಂಡೋಸ್ ಎಕ್ಸ್‌ಪಿ ಕಾಲದಿಂದ ಆ ಫೈಲ್‌ಗಳನ್ನು ಮಾಡಿಡುತ್ತಿದೆ. ಅಳಿಸಿದರೆ ಸಿಗುವ ಜಾಗ ಕೆಲವೇ ಎಂಬಿ, ಮುಂದಿನ ಸಲ ತೆರೆಯುವುದು ಇನ್ನೂ ನಿಧಾನ. ರಿಫ್ರೆಶ್‌ನಿಂದ ಐಕಾನ್‌ಗಳು ಮಿಣಕ್ ಅನ್ನುತ್ತವೆ, ಬೇರೇನೂ ಆಗುವುದಿಲ್ಲ. ಇಷ್ಟಕ್ಕೂ ಆಗದಿದ್ದರೆ ‘ಮೇಡಂ, ಫಾರ್ಮ್ಯಾಟ್ ಹೊಡೀಬೇಕು’ ಅನ್ನುತ್ತಾರೆ. ಫಾಂಟ್, ಪ್ರಿಂಟರ್ ಸೆಟ್ಟಿಂಗ್, ಕೋರಲ್ ಎಲ್ಲ ಮತ್ತೆ ಹಾಕುವಷ್ಟರಲ್ಲಿ ನನ್ನ ಎರಡು ದಿನದ ದುಡಿಮೆ ಹೋಗಿರುತ್ತದೆ.

ಈಗ ವಿನ್‌ಡರ್‌ಸ್ಟ್ಯಾಟ್‌ಗೆ ಬರೋಣ. 2003ರಿಂದ ಇರುವ ಹಳೇ ತಲೆ. ಓಪನ್ ಸೋರ್ಸ್, ಅಂದರೆ ಒಳಗಿನ ಕೋಡ್ ಯಾರು ಬೇಕಾದರೂ ನೋಡಬಹುದು, ದುಡ್ಡಿಲ್ಲ. ಬಹಳ ವರ್ಷ ಹಾಗೇ ಬಿದ್ದಿತ್ತು, ಈಗ ಹೊಸ ಆವೃತ್ತಿ ಬಂದಿದೆ, ವೇಗವೂ ಹೆಚ್ಚಿದೆ. ಮರೆಯದೆ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಅಂತಲೇ ತೆರೆಯಿರಿ, ಇಲ್ಲದಿದ್ದರೆ ಕೆಲವು ಫೋಲ್ಡರ್ ಒಳಗೆ ಅದಕ್ಕೆ ಪ್ರವೇಶ ಸಿಗುವುದಿಲ್ಲ, ಲೆಕ್ಕ ತಾಳೆಯಾಗುವುದಿಲ್ಲ. ಸಿ ಡ್ರೈವ್ ಆರಿಸಿ ಓಕೆ ಕೊಟ್ಟರೆ ಸ್ಕ್ಯಾನ್ ಆಗುವಾಗ ಪುಟ್ಟ ಹಳದಿ ಪ್ಯಾಕ್‌ಮ್ಯಾನ್‌ಗಳು ಬಾಯಿ ತೆರೆದು ಮುಚ್ಚಿ ಓಡಾಡುತ್ತವೆ. ಮುಗಿದ ಮೇಲೆ ಪರದೆಯ ಕೆಳಗಡೆ ಪೂರ್ತಿ ಬಣ್ಣಬಣ್ಣದ ಚೌಕಗಳು, ಮೇಲಿನಿಂದ ನೋಡಿದ ಹೊಲದ ಪಟ್ಟೆಗಳ ಹಾಗೆ. ಒಂದು ಚೌಕ ಅಂದರೆ ಒಂದು ಫೈಲ್. ಫೈಲ್ ದೊಡ್ಡದಿದ್ದಷ್ಟೂ ಚೌಕ ದೊಡ್ಡದು. ಬಣ್ಣ ಫೈಲ್‌ನ ಜಾತಿಗೆ ತಕ್ಕಂತೆ: ವಿಡಿಯೊಗೆ ಒಂದು, ಪಿಡಿಎಫ್‌ಗೆ ಒಂದು. ಚೌಕದ ಮೇಲೆ ಒತ್ತಿದರೆ ಅದು ಯಾವ ಫೋಲ್ಡರ್‌ನಲ್ಲಿದೆ ಅಂತ ಮೇಲಿನ ಪಟ್ಟಿಯಲ್ಲಿ ಬಿಚ್ಚಿಕೊಳ್ಳುತ್ತದೆ.

ನನ್ನ ಸಿ ಡ್ರೈವ್‌ನಲ್ಲಿ ಕಂಡಿದ್ದನ್ನು ಹೇಳಿದರೆ ನಿಮಗೂ ಅಂದಾಜು ಸಿಗುತ್ತದೆ. ಎಲ್ಲಕ್ಕಿಂತ ದೊಡ್ಡ ಗುಡ್ಡೆ ವಾಟ್ಸ್‌ಆ್ಯಪ್‌ದು, 14 ಜಿಬಿ. ಗಿರಾಕಿಗಳು ಕಳಿಸುವ ಫೋಟೊ, ಪಿಡಿಎಫ್, ಜೊತೆಗೆ ನಮ್ಮ ಮನೆಯವರ ಕಡೆಯ ಗ್ರೂಪಿನ ಗುಡ್‌ಮಾರ್ನಿಂಗ್ ವಿಡಿಯೊಗಳು. ಇವೆಲ್ಲ ಆ್ಯಪ್‌ಡೇಟಾ ಅನ್ನುವ ಅಡಗಿಸಿಟ್ಟ ಫೋಲ್ಡರ್ ಒಳಗೆ ಸೇರುತ್ತವೆ, ಮಾಮೂಲಿಯಾಗಿ ಹುಡುಕಿದರೆ ಕಣ್ಣಿಗೇ ಬೀಳುವುದಿಲ್ಲ. ಎರಡನೆಯದು ವಿಂಡೋಸ್ ಡಾಟ್ ಓಲ್ಡ್, ದೊಡ್ಡ ಅಪ್‌ಡೇಟ್ ಆದ ಮೇಲೆ ಹಳೆಯ ವಿಂಡೋಸನ್ನು ಪೂರ್ತಿ ಎತ್ತಿಟ್ಟಿರುವ ಫೋಲ್ಡರ್. ಹತ್ತು ದಿನದ ಮೇಲೆ ವಿಂಡೋಸೇ ಅದನ್ನು ತೆಗೆಯಬೇಕು, ನನ್ನ ಸಿಸ್ಟಂನಲ್ಲಿ ಆಗಿನ್ನೂ ಕೂತಿತ್ತು. ಮೂರನೆಯದು ಹೈಬರ್‌ಫಿಲ್ ಅನ್ನುವ ಒಂದೇ ಫೈಲ್, 3 ಜಿಬಿಗೂ ಜಾಸ್ತಿ. ತೆರೆದ ಕೆಲಸವನ್ನು ಹಾಗೇ ಡಿಸ್ಕಿಗೆ ಉಳಿಸಿ ಕಂಪ್ಯೂಟರ್ ಆರಿಸುವವರಿಗೆ, ಅಂದರೆ ಹೈಬರ್ನೇಟ್ ಮಾಡುವವರಿಗೆ, ಅದು ಬೇಕು. ನಾನು ಸಂಜೆ ಶಟರ್ ಎಳೆಯುವಾಗ ಶಟ್‌ಡೌನ್ ಮಾಡುವವಳು. ಕಮಾಂಡ್ ಪ್ರಾಂಪ್ಟ್‌ನಲ್ಲಿ ಪವರ್‌ಸಿಎಫ್‌ಜಿ ಕಮಾಂಡ್ ಕೊಟ್ಟು ಹೈಬರ್ನೇಟ್ ಆಫ್ ಮಾಡಿದೆ, ಫೈಲ್ ತಾನಾಗಿ ಮಾಯ. ಅದರ ಜೊತೆ ಫಾಸ್ಟ್ ಸ್ಟಾರ್ಟಪ್ ಕೂಡ ಹೋಗುತ್ತದೆ, ಗೊತ್ತಿರಲಿ. ಎಸ್‌ಎಸ್‌ಡಿ ಇರುವುದರಿಂದ ನನಗೇನೂ ವ್ಯತ್ಯಾಸ ಗೊತ್ತಾಗಲಿಲ್ಲ.

ವಿನ್‌ಡರ್‌ಸ್ಟ್ಯಾಟ್‌ನ ದೋಷ ಅಂದರೆ ಅದು ತೋರಿಸುತ್ತದೆ, ಬುದ್ಧಿ ಹೇಳುವುದಿಲ್ಲ. ವಿಂಡೋಸ್ ಒಳಗಿನ ವಿನ್‌ಎಸ್‌ಎಕ್ಸ್‌ಎಸ್ ಫೋಲ್ಡರ್ ಕೂಡ ದೊಡ್ಡ ಗುಡ್ಡೆಯಾಗಿ ಕಾಣುತ್ತದೆ. ಅಯ್ಯೋ ಇಷ್ಟೊಂದಾ ಅಂತ ಅದಕ್ಕೆ ಕೈ ಹಾಕಿದರೆ ವಿಂಡೋಸ್ ಮೇಲೇಳುವುದಿಲ್ಲ. ನನ್ನ ನಿಯಮ ಸರಳ: ಚೌಕದ ವಿಳಾಸ ‘ಸಿ, ವಿಂಡೋಸ್’ ಅಂತ ಶುರುವಾದರೆ ಇಲ್ಲಿಂದ ಮುಟ್ಟುವುದಿಲ್ಲ. ಅದನ್ನು ವಿಂಡೋಸ್‌ನದೇ ಡಿಸ್ಕ್ ಕ್ಲೀನಪ್‌ಗೆ ಬಿಡುತ್ತೇನೆ. ವಿಂಡೋಸ್ 98ರ ಕಾಲದಿಂದ ಇರುವ ಆ ಪುಟ್ಟ ಪ್ರೋಗ್ರಾಂ ಈಗಲೂ ಇದೆ. ಅದರಲ್ಲಿ ‘ಕ್ಲೀನಪ್ ಸಿಸ್ಟಂ ಫೈಲ್ಸ್’ ಒತ್ತಿದರೆ ಹಳೇ ಅಪ್‌ಡೇಟ್‌ಗಳು, ವಿಂಡೋಸ್ ಡಾಟ್ ಓಲ್ಡ್ ಎಲ್ಲ ಮರ್ಯಾದೆಯಾಗಿ ಹೋಗುತ್ತವೆ. ವಾಟ್ಸ್‌ಆ್ಯಪ್‌ನ ಗುಡ್ಡೆಯನ್ನೂ ಅಷ್ಟೇ, ವಾಟ್ಸ್‌ಆ್ಯಪ್ ಒಳಗಿನಿಂದಲೇ ಕರಗಿಸುವುದು ಒಳ್ಳೆಯದು.

ಇದೇ ಕೆಲಸಕ್ಕೆ ವಿಜ್‌ಟ್ರೀ ಅಂತ ಇನ್ನೊಂದಿದೆ. ಡಿಸ್ಕಿನ ಫೈಲ್ ಪಟ್ಟಿಯನ್ನೇ ನೇರ ಓದುವುದರಿಂದ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸುತ್ತದೆ. ಆದರೆ ಅದು ಪುಕ್ಕಟೆ ಅನ್ನುವುದು ಮನೆ ಬಳಕೆಗೆ ಮಾತ್ರ. ಅಂಗಡಿ, ಆಫೀಸಿನಲ್ಲಿ ಬಳಸಿದರೆ ಲೈಸೆನ್ಸ್ ತಗೋಬೇಕು. ಪುಕ್ಕಟೆ ಅಂತ ಸಿಗುವ ಬಹಳಷ್ಟು ಕ್ಲೀನರ್‌ಗಳದ್ದು ಇದೇ ಕಥೆ, ಸಿಕ್ಲೀನರ್‌ದೂ ಸೇರಿ. ಜಿಪಿಎಲ್ ಅನ್ನುವ ಓಪನ್ ಸೋರ್ಸ್ ಲೈಸೆನ್ಸಿನ ವಿನ್‌ಡರ್‌ಸ್ಟ್ಯಾಟ್, ಬ್ಲೀಚ್‌ಬಿಟ್ ಥರದವಕ್ಕೆ ಆ ಕಿರಿಕಿರಿ ಇಲ್ಲ. ಅಂಗಡಿ ಇಟ್ಟವರು ಇದನ್ನು ಗಮನಿಸಬೇಕು ಅನ್ನುವುದು ನನ್ನ ಅಭಿಪ್ರಾಯ. ನಮ್ಮ ಕಡೆ ಯಾರು ಕೇಳುತ್ತಾರೆ ಅನ್ನುತ್ತೀರಿ, ಸರಿ. ಆದರೂ.

ಸಿಕ್ಲೀನರ್ ಹೆಸರು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಒಂದು ಕಾಲದಲ್ಲಿ ಎಲ್ಲರ ಕಂಪ್ಯೂಟರ್‌ನಲ್ಲೂ ಇದ್ದದ್ದು ಅದೇ. 2017ರಲ್ಲಿ ಅವಾಸ್ಟ್ ಕಂಪನಿ ಅದನ್ನು ಕೊಂಡಿತು. ಅದೇ ವರ್ಷ ಅದರ 5.33 ಆವೃತ್ತಿಯೊಳಗೆ ಕಳ್ಳರು ಮಾಲ್‌ವೇರ್, ಅಂದರೆ ಹಾನಿ ಮಾಡುವ ಪ್ರೋಗ್ರಾಂ, ಸೇರಿಸಿಬಿಟ್ಟಿದ್ದರು. ಅಧಿಕೃತ ಡೌನ್‌ಲೋಡ್‌ನಲ್ಲೇ ಬಂತು ಅದು! ಸುಮಾರು 22 ಲಕ್ಷ ಕಂಪ್ಯೂಟರ್‌ಗಳಿಗೆ ಆ ಆವೃತ್ತಿ ಹೋಗಿತ್ತು ಅಂತ ಕಂಪನಿಯೇ ಹೇಳಿತು. ಆಮೇಲೆ ಸರಿಪಡಿಸಿದ್ದಾರೆ. ನಾನು ಮಾತ್ರ ವಾಪಸ್ ಹೋಗಲಿಲ್ಲ.

ಬ್ಲೀಚ್‌ಬಿಟ್ 2008ರಿಂದ ಇದೆ, ಲಿನಕ್ಸ್‌ನಲ್ಲಿ ಹುಟ್ಟಿ ವಿಂಡೋಸ್‌ಗೆ ಬಂದದ್ದು. 2016ರಲ್ಲಿ ಹಿಲರಿ ಕ್ಲಿಂಟನ್ ಇಮೇಲ್ ಗಲಾಟೆಯಲ್ಲಿ ಇದರ ಹೆಸರು ಅಮೆರಿಕದ ಪೇಪರ್‌ಗಳಲ್ಲೆಲ್ಲ ಓಡಾಡಿತು. ನೋಡಲು ಸಪ್ಪೆ. ಎಡಗಡೆ ಪಟ್ಟಿ, ಪ್ರತಿಯೊಂದರ ಮುಂದೆ ಟಿಕ್ ಹಾಕುವ ಚೌಕ. ಬಲಗಡೆ ಖಾಲಿ ಜಾಗ. ಮೇಲೆ ಎರಡು ಬಟನ್ ಮುಖ್ಯ: ಪ್ರಿವ್ಯೂ, ಕ್ಲೀನ್. ಈ ಪ್ರಿವ್ಯೂ ಇದೆಯಲ್ಲ, ಅದಕ್ಕಾಗಿಯೇ ನನಗೆ ಇದು ಇಷ್ಟ. ಏನೇನು ಅಳಿಸುತ್ತೇನೆ, ಅದರಿಂದ ಎಷ್ಟು ಸಿಗುತ್ತದೆ ಅಂತ ಒಂದೊಂದು ಫೈಲಿನ ಹೆಸರು ಸಮೇತ ಮೊದಲೇ ಹೇಳುತ್ತದೆ. ಓದಿ ನೋಡಿ, ಸರಿ ಅನಿಸಿದರೆ ಕ್ಲೀನ್ ಒತ್ತಿ. ಒತ್ತಿದ ಮೇಲೆ ರೀಸೈಕಲ್ ಬಿನ್ ಅಂತ ಇಲ್ಲ, ನೇರ ಹೊರಗೆ.

ಅದಕ್ಕೇ ಟಿಕ್ ಹಾಕುವಾಗ ನೋಡಿಕೊಂಡು ಅಂದಿದ್ದು. ಕ್ರೋಮ್ ಕೆಳಗೆ ಕ್ಯಾಶ್ ಅಂತ ಇದೆ, ಸೈಟ್‌ಗಳು ಬೇಗ ತೆರೆಯಲಿ ಅಂತ ಬ್ರೌಸರ್ ಎತ್ತಿಟ್ಟುಕೊಂಡ ನಕಲುಗಳು, ಹಾಕಿ. ಅದರ ಕೆಳಗೇ ಲಾಗಿನ್ ನೆನಪಿಡುವ ಕುಕೀಸ್ ಇದೆ. ಅದನ್ನು ಹಾಕಿದರೆ ಲಾಗಿನ್ ಆಗಿದ್ದ ಪೋರ್ಟಲ್‌ಗಳಿಂದೆಲ್ಲ ಆಚೆ. ಸೇವಾಸಿಂಧು, ಬ್ಯಾಂಕು, ಮೇಲು, ಎಲ್ಲದಕ್ಕೂ ಮತ್ತೆ ಪಾಸ್‌ವರ್ಡ್, ಮತ್ತೆ ಓಟಿಪಿ. ಪಾಸ್‌ವರ್ಡ್ಸ್ ಅಂತಲೂ ಒಂದಿದೆ, ಟಿಕ್ ಮಾಡಿದ ತಕ್ಷಣ ಅದೇ ಎಚ್ಚರಿಸುತ್ತದೆ. ‘ಡೀಪ್ ಸ್ಕ್ಯಾನ್’ ಅನ್ನುವ ಭಾಗದಲ್ಲಿ ಬ್ಯಾಕಪ್ ಫೈಲ್‌ಗಳನ್ನು ಅಳಿಸುವ ಟಿಕ್ ಇದೆ, ಡಾಟ್ ಬಿಎಕೆ ಅಂತ ಕೊನೆಯಾಗುವವು. ನಮ್ಮ ಬೀದಿಯಲ್ಲೇ ಮನೆ ಪ್ಲಾನ್ ಮಾಡಿಕೊಡುವವರು ಇದ್ದಾರೆ. ಆಟೊಕ್ಯಾಡ್ ಬಳಸುವ ಅವರಿಗೆ ಆ ಬಿಎಕೆ ಫೈಲೇ ಆಪತ್ತಿನಲ್ಲಿ ಪ್ರಾಣ ಉಳಿಸುವುದು. ಅವರು ಅದನ್ನು ಮುಟ್ಟಲೇಬಾರದು. ‘ಖಾಲಿ ಜಾಗ ಒರೆಸುವ’ ಟಿಕ್ ಹಾಕಿದರೆ ಗಂಟೆಗಟ್ಟಲೆ ಕೂರಬೇಕು, ಸಿಗುವ ಜಾಗ ಸೊನ್ನೆ. ಹಳೆ ಕಂಪ್ಯೂಟರ್ ಮಾರುವ ಮುಂಚೆ ಬೇಕಾದೀತು, ದಿನಾ ಬಳಸಲು ಅಲ್ಲ.

ಮತ್ತೆ ಕ್ಯಾಶ್ ಅಳಿಸಿ ಸಿಕ್ಕಿದ ಜಾಗ ಶಾಶ್ವತ ಅಂದುಕೊಳ್ಳಬೇಡಿ. ಬ್ರೌಸರ್ ಬಳಸುತ್ತಾ ಹೋದ ಹಾಗೆ ಅದು ಮತ್ತೆ ತುಂಬುತ್ತದೆ. ಹಾಗಾಗಿ ನಾನು ಜಾಗ ಸಿಗಲಿ ಅಂತ ಬ್ಲೀಚ್‌ಬಿಟ್ ತೆರೆಯುವುದು ಕಡಿಮೆ. ನನಗೆ ಅದು ಬೇಕಾಗಿರುವುದು ಬೇರೆ ಕಾರಣಕ್ಕೆ.

ನಮ್ಮಂಥ ಅಂಗಡಿಯ ಡೌನ್‌ಲೋಡ್ಸ್ ಫೋಲ್ಡರ್ ತೆರೆದು ನೋಡಿದ್ದೀರಾ? ಊರಿನ ಅರ್ಧ ಜನರ ಆಧಾರ್ ಅಲ್ಲಿರುತ್ತದೆ. ಪ್ಯಾನ್ ಕಾರ್ಡ್, ಪಾಸ್‌ಬುಕ್ಕಿನ ಮೊದಲ ಪುಟ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಜಾತಿ ಆದಾಯ ಪ್ರಮಾಣಪತ್ರ. ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇರುತ್ತದೆ ನಿಜ. ಆದರೆ ಅದು ಹೆಸರಿನ ಮೊದಲ ನಾಲ್ಕು ಅಕ್ಷರ, ಹುಟ್ಟಿದ ಇಸವಿ. ಪಕ್ಕದಲ್ಲೇ ಅವರ ಮಾರ್ಕ್ಸ್ ಕಾರ್ಡ್ ಬಿದ್ದಿದ್ದರೆ ಆ ಪಾಸ್‌ವರ್ಡ್ ಇದ್ದೂ ಇಲ್ಲದ ಹಾಗೆ, ಅಲ್ವಾ? ಸೈಬರ್ ಸೆಂಟರ್‌ನಲ್ಲಿ ಇ-ಆಧಾರ್ ತೆಗೆದರೆ ಕೆಲಸ ಮುಗಿದ ಮೇಲೆ ಆ ಫೈಲನ್ನು ಪೂರ್ತಿ ಅಳಿಸಿ ಅಂತ ಆಧಾರ್ ಪ್ರಾಧಿಕಾರವೂ ಜನರಿಗೆ ಹೇಳುತ್ತದೆ. ಗಿರಾಕಿಗೆ ಅದು ನೆನಪಿರುವುದಿಲ್ಲ. ಅಳಿಸಬೇಕಾದವರು ನಾವು.

ಬ್ಲೀಚ್‌ಬಿಟ್‌ನ ಮೆನುವಿನಲ್ಲಿ ಶ್ರೆಡ್ ಅಂತ ಇದೆ. ಮಾಮೂಲಿ ಡಿಲೀಟ್ ಮಾಡಿದರೆ ಫೈಲಿನ ಹೆಸರು ಪಟ್ಟಿಯಿಂದ ಹೋಗುತ್ತದೆ, ಒಳಗಿನದ್ದು ಡಿಸ್ಕಿನಲ್ಲೇ ಇರುತ್ತದೆ, ರಿಕವರಿ ಸಾಫ್ಟ್‌ವೇರ್ ಹಾಕಿದರೆ ಎದ್ದು ಬರುತ್ತದೆ. ಶ್ರೆಡ್ ಮಾಡಿದರೆ ಫೈಲ್ ಇದ್ದ ಜಾಗದ ಮೇಲೆ ಬೇರೇನೋ ಬರೆದು ಆಮೇಲೆ ಅಳಿಸುತ್ತದೆ. ಇಲ್ಲೊಂದು ಸೂಕ್ಷ್ಮ ಇದೆ. ಎಸ್‌ಎಸ್‌ಡಿಯಲ್ಲಿ ಇದು ನಂಬುವಂತಿಲ್ಲ. ಎಸ್‌ಎಸ್‌ಡಿ ತನ್ನ ಸವಕಳಿ ಹಂಚಿಕೊಳ್ಳಲು, ಅದೇ ಜಾಗದಲ್ಲಿ ಬರಿ ಅಂದರೂ ಬೇರೆ ಕಡೆ ಬರೆಯುತ್ತದೆ. ಹಳೆಯ ಪ್ರತಿ ಎಲ್ಲೋ ಉಳಿದಿರಬಹುದು. ಅದಕ್ಕೆ ನಾನು ಕ್ರೋಮ್‌ನ ಡೌನ್‌ಲೋಡ್ ಜಾಗವನ್ನೇ ಬದಲಿಸಿದೆ. ಗಿರಾಕಿಗಳ ಫೈಲ್‌ಗಳೆಲ್ಲ ಈಗ ಡಿ ಡ್ರೈವ್‌ನ ಹಾರ್ಡ್ ಡಿಸ್ಕಿಗೆ, ‘ಇವತ್ತು’ ಅನ್ನುವ ಫೋಲ್ಡರ್‌ಗೆ ಬೀಳುತ್ತವೆ. ಸಂಜೆ ಅಂಗಡಿ ಮುಚ್ಚುವಾಗ ಕೆಲಸದ ಹುಡುಗಿ ಆ ಫೋಲ್ಡರನ್ನು ಶ್ರೆಡ್‌ಗೆ ಹಾಕುತ್ತಾಳೆ. ಅವಳು ಕಸ ಗುಡಿಸುವಷ್ಟರಲ್ಲಿ ಅದೂ ಮುಗಿದಿರುತ್ತದೆ. ಇದೊಂದಕ್ಕೇ ನಾನು ಬ್ಲೀಚ್‌ಬಿಟ್‌ಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಇಷ್ಟೆಲ್ಲ ಬೇಡ ಅನ್ನುವವರು ವಿಂಡೋಸ್‌ನ ಸ್ಟೋರೇಜ್ ಸೆನ್ಸ್‌ನಲ್ಲಿ, ಡೌನ್‌ಲೋಡ್ಸ್‌ನಲ್ಲಿ ತೆರೆಯದೆ ಬಿದ್ದಿರುವ ಫೈಲ್‌ಗಳನ್ನು 1 ದಿನ ಅಥವಾ 14 ದಿನದ ಮೇಲೆ ತೆಗೆದುಬಿಡು ಅಂತ ಹಾಕಿಡಬಹುದು. ಶ್ರೆಡ್ ಮಾಡುವುದಿಲ್ಲ, ಆದರೂ ಏನೂ ಮಾಡದಿರುವುದಕ್ಕಿಂತ ವಾಸಿ.

ಡಿ ಡ್ರೈವ್ ತುಂಬುವುದು ಬೇರೆ ರೀತಿ. ಕೋರಲ್‌ನಲ್ಲಿ ಕೆಲಸ ಮಾಡುವವರಿಗೆ ಗೊತ್ತು, ಪ್ರತಿ ಫೈಲ್ ಪಕ್ಕ ‘ಬ್ಯಾಕಪ್ ಆಫ್’ ಅಂತ ಶುರುವಾಗುವ ಇನ್ನೊಂದು ಫೈಲ್ ಇರುತ್ತದೆ. ಫೋಟೊ ತುಂಬಿದ ಫ್ಲೆಕ್ಸ್ ಡಿಸೈನ್ ಆದರೆ ಅದೇ ನೂರಾರು ಎಂಬಿ. ಯಾವ ಕ್ಲೀನರ್‌ಗೂ ಇದು ಕಸ ಅಂತ ಗೊತ್ತಾಗುವುದಿಲ್ಲ. ಇಲ್ಲಿ ಕೈ ಹಿಡಿದದ್ದು ಎವೆರಿಥಿಂಗ್ ಅನ್ನುವ ಪುಟಾಣಿ ಹುಡುಕಾಟದ ಸಾಫ್ಟ್‌ವೇರ್. ಪುಕ್ಕಟೆ. ‘ಬ್ಯಾಕಪ್ ಆಫ್’ ಅಂತ ಟೈಪ್ ಮಾಡುತ್ತಿದ್ದ ಹಾಗೇ ಇಡೀ ಡಿಸ್ಕಿನಲ್ಲಿರುವ ಅಂಥ ಫೈಲ್‌ಗಳೆಲ್ಲ ಪರದೆಗೆ ಬಂದವು. ಸೈಜ್ ಪ್ರಕಾರ ಜೋಡಿಸಿ, ಈ ವರ್ಷದ್ದನ್ನು ಬಿಟ್ಟು ಉಳಿದದ್ದು ಅಳಿಸಿದೆ. 60 ಜಿಬಿ ಸಿಕ್ಕಿತು. ಇಷ್ಟು ಜಾಗ ಯಾವ ‘ಕ್ಲೀನರ್’ ಕೂಡ ಕೊಟ್ಟಿಲ್ಲ.

ಒಂದೇ ಫೈಲ್ ನಾಲ್ಕು ಕಡೆ ಇರುವುದಕ್ಕೆ ಡ್ಯೂಪ್‌ಗುರು. ಇದೂ ಓಪನ್ ಸೋರ್ಸ್. ಇದರಲ್ಲಿ ಒಂದು ಫೋಲ್ಡರನ್ನು ‘ರೆಫರೆನ್ಸ್’ ಅಂತ ಗುರುತಿಸಿದರೆ ಅದರೊಳಗಿನದ್ದನ್ನು ಅದು ಮುಟ್ಟುವುದಿಲ್ಲ, ಬೇರೆ ಕಡೆಯ ನಕಲುಗಳನ್ನಷ್ಟೇ ತೋರಿಸುತ್ತದೆ. ಮೂಲ ಫೈಲ್‌ಗಳ ಫೋಲ್ಡರ್‌ಗೆ ಇದು ಒಳ್ಳೆಯ ಕಾವಲು. ಹುಡುಕುವಾಗ ಹೆಸರಿನ ಮೇಲೆ ಬೇಡ, ‘ಕಂಟೆಂಟ್ಸ್’ ಆರಿಸಿ. ಫೋಟೊಗೆ ಅಂತ ಒಂದು ಪಿಕ್ಚರ್ ಮೋಡ್ ಕೊಟ್ಟಿದ್ದಾರೆ, ಹೋಲುವ ಫೋಟೊಗಳನ್ನು ಹುಡುಕಲು. ಮನೆಯ ಟ್ರಿಪ್ ಫೋಟೊಗೆ ಚೆನ್ನ. ನನ್ನ ಐಡಿ ಕಾರ್ಡ್ ಫೋಲ್ಡರ್ ಮೇಲೆ ಓಡಿಸಿದಾಗ ಪಟ್ಟಿ ನೋಡಿ ನಗು ಬಂತು. ಒಂದೇ ನೀಲಿ ಹಿನ್ನೆಲೆ, ಒಂದೇ ಯೂನಿಫಾರ್ಮ್, ಎಣ್ಣೆ ಹಾಕಿ ಬಾಚಿದ ಎರಡು ಜಡೆ. ಎರಡನೇ ಕ್ಲಾಸಿನ ಇಬ್ಬರು ಬೇರೆ ಬೇರೆ ಹುಡುಗಿಯರನ್ನು ಒಬ್ಬಳೇ ಅಂದುಬಿಟ್ಟಿತ್ತು. ಸ್ಟುಡಿಯೊ, ಡಿಟಿಪಿಯವರು ಪಿಕ್ಚರ್ ಮೋಡನ್ನು ನಂಬಿ ಡಿಲೀಟ್ ಒತ್ತಬೇಡಿ.

ಬೇಡದ ಪ್ರೋಗ್ರಾಂ ತೆಗೆಯಲು ಬಲ್ಕ್ ಕ್ರ್ಯಾಪ್ ಅನ್‌ಇನ್‌ಸ್ಟಾಲರ್. ಹೆಸರು ಒರಟು, ಕೆಲಸ ನಾಜೂಕು. ಹೊಸ ಲ್ಯಾಪ್‌ಟಾಪ್ ಜೊತೆ ಬರುವ ಟ್ರಯಲ್ ಆ್ಯಂಟಿವೈರಸ್, ಗೇಮ್ ಇತ್ಯಾದಿ ಇದ್ದರೆ ಎಲ್ಲಕ್ಕೂ ಟಿಕ್ ಹಾಕಿ ಒಟ್ಟಿಗೆ ತೆಗೆಯಬಹುದು. ತೆಗೆದ ಮೇಲೆ ಉಳಿದ ಪಳೆಯುಳಿಕೆಗಳನ್ನು ಹುಡುಕಿ, ಇದು ಅಳಿಸಬಹುದಾದದ್ದೇ ಅನ್ನುವುದರಲ್ಲಿ ತನಗೆಷ್ಟು ನಂಬಿಕೆ ಅಂತಲೂ ಪಕ್ಕದಲ್ಲಿ ಬರೆಯುತ್ತದೆ. ‘ವೆರಿ ಗುಡ್’ ಅಂದವನ್ನು ಮಾತ್ರ ತೆಗೆಯಿರಿ. ‘ಕ್ವೆಶ್ಚನಬಲ್’ ಅಂತ ಇದ್ದರೆ ಬಿಟ್ಟುಬಿಡಿ, ಅದರಿಂದ ಉಳಿಯುವುದು ಚಿಲ್ಲರೆ.

ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗ) ಕ್ಲೀನರ್ ಬಗ್ಗೆ ಕೇಳುವವರಿಗೆ: ಬೇಡ. ಹಿಂದೊಮ್ಮೆ ಸರ್ವಿಸ್‌ಗೆ ಬಂದ ಹುಡುಗನೊಬ್ಬ ಕ್ರ್ಯಾಕ್ ಮಾಡಿದ ಅಂಥದ್ದೊಂದನ್ನು ಹಾಕಿ ಹೋಗಿದ್ದ. ಕಂಪ್ಯೂಟರ್ ಆನ್ ಮಾಡಿದಾಗಲೆಲ್ಲ ಕೆಂಪು ಅಕ್ಷರದಲ್ಲಿ ಸಾವಿರಾರು ತಪ್ಪು ಸಿಕ್ಕಿವೆ ಅಂತ ಹೆದರಿಸುತ್ತಿತ್ತು. ರಿಜಿಸ್ಟ್ರಿಯ ಹಳೇ ಸಾಲುಗಳು ತಗೊಳ್ಳುವ ಜಾಗ ಲೆಕ್ಕಕ್ಕೇ ಇಲ್ಲ, ಅವನ್ನು ತೆಗೆದರೆ ವೇಗವೂ ಹೆಚ್ಚುವುದಿಲ್ಲ. ಇಂಥ ಸಾಫ್ಟ್‌ವೇರ್ ಬಳಸಿ ಏನಾದರೂ ಕೆಟ್ಟರೆ ತನ್ನ ಬೆಂಬಲ ಇಲ್ಲ ಅಂತ ಮೈಕ್ರೋಸಾಫ್ಟ್ ಹೇಳಿದೆ.

ವೇಗ ಅಂದರೆ ನೆನಪಾಯಿತು. ಸಿ ಡ್ರೈವ್ ಗಂಟಲಮಟ್ಟ ತುಂಬಿದ್ದರೆ ಮಾತ್ರ ಕ್ಲೀನ್ ಮಾಡಿದಾಗ ಸಿಸ್ಟಂ ಚುರುಕಾಗುತ್ತದೆ. ಅರ್ಧ ಖಾಲಿ ಇದ್ದೂ ನಿಧಾನ ಅಂದರೆ ಕಾರಣ ಬೇರೆ. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪಟ್ಟಿಯಲ್ಲಿ ತಾವಾಗಿ ಎದ್ದು ಕೂರುವವರನ್ನು ಆಫ್ ಮಾಡಿ. ಇನ್ನೂ ಆಳಕ್ಕೆ ಹೋಗಬೇಕಾದರೆ ಮೈಕ್ರೋಸಾಫ್ಟ್‌ನದೇ ಆಟೊರನ್ಸ್ ಇದೆ. ಅದು ಓಪನ್ ಸೋರ್ಸ್ ಅಲ್ಲ, ಪುಕ್ಕಟೆ ಮಾತ್ರ. ಅದರಲ್ಲಿ ಡಿಲೀಟ್ ಮಾಡಬೇಡಿ, ಟಿಕ್ ತೆಗೆಯಿರಿ ಸಾಕು. ಬೇಕಾದರೆ ಮತ್ತೆ ಹಾಕಬಹುದು.

ಡಿಟಿಪಿಯವರ ಸಿಸ್ಟಂನಲ್ಲಿ ಇನ್ನೂ ಒಂದು ಭಾರ ಇದೆ, ಫಾಂಟ್‌ಗಳು. ನುಡಿ, ಬರಹ, ಶ್ರೀಲಿಪಿ, ಜೊತೆಗೆ ಎಲ್ಲಿಂದಲೋ ತಂದ ಇಂಗ್ಲಿಷ್ ಡಿಸೈನ್ ಫಾಂಟ್‌ಗಳು. ಜಾಸ್ತಿ ಆದಷ್ಟೂ ಕೋರಲ್ ತೆರೆಯುವುದು ತಡ. ಇದಕ್ಕೆ ಮೇಲೆ ಹೇಳಿದ ಯಾವುದೂ ಉಪಯೋಗಕ್ಕೆ ಬರುವುದಿಲ್ಲ, ಬರಬಾರದು ಕೂಡ. ಒಂದು ಹಳೇ ನುಡಿ ಫಾಂಟ್ ತೆಗೆದರೆ ಆ ಕಾಲದ ಲಗ್ನಪತ್ರಿಕೆಗಳೆಲ್ಲ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ತೆರೆದುಕೊಳ್ಳುತ್ತವೆ. ಕನ್ನಡದ್ದನ್ನು ಮುಟ್ಟದೆ, ಇಂಗ್ಲಿಷ್ ಫಾಂಟ್‌ಗಳನ್ನಷ್ಟೇ ಪೆನ್‌ಡ್ರೈವ್‌ಗೆ ಕಾಪಿ ಮಾಡಿಟ್ಟು ಸಿಸ್ಟಂನಿಂದ ತೆಗೆದೆ.

ಡೌನ್‌ಲೋಡ್ ಮಾಡುವಾಗ ಮಾತ್ರ ಹುಷಾರು. ಗೂಗಲ್‌ನಲ್ಲಿ ಹುಡುಕಿದರೆ ಮೇಲೆ ಬರುವುದು ಜಾಹೀರಾತು, ದೊಡ್ಡ ಹಸಿರು ‘ಡೌನ್‌ಲೋಡ್’ ಬಟನ್ ಇಟ್ಟುಕೊಂಡ ಬೇರೆಯವರ ಸೈಟ್‌ಗಳು. ಅಲ್ಲಿಂದ ತಗೊಂಡರೆ ಜೊತೆಗೆ ಇನ್ನೆರಡು ಕಸ ಬರುತ್ತವೆ. ಬ್ಲೀಚ್‌ಬಿಟ್‌ದು ಬ್ಲೀಚ್‌ಬಿಟ್ ಡಾಟ್ ಆರ್ಗ್, ವಿನ್‌ಡರ್‌ಸ್ಟ್ಯಾಟ್‌ದು ವಿನ್‌ಡರ್‌ಸ್ಟ್ಯಾಟ್ ಡಾಟ್ ನೆಟ್. ಬ್ಲೀಚ್‌ಬಿಟ್‌ಗೆ ಪೋರ್ಟಬಲ್ ಆವೃತ್ತಿ ಕೂಡ ಇದೆ, ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಓಡುತ್ತದೆ. ಅಕ್ಕಪಕ್ಕದ ಅಂಗಡಿಯವರು ಕರೆದಾಗ ನಾನು ತಗೊಂಡು ಹೋಗುವುದು ಅದನ್ನೇ.